ನಾದ ಯಾರದು, ಗದ್ದಲ ಯಾರದು?

ನಮ್ಮ ಗುಂಪಿನಲ್ಲಿ ಒಬ್ಬರು ಹೈಸ್ಕೂಲು ಮೇಷ್ಟ್ರು. ಕೇರಿಯಲ್ಲೇ ಹುಟ್ಟಿ ಬೆಳೆದವರು. ಒಂದು ದಿನ ಅವರು ತರಗತಿಯಲ್ಲಿ ಶಬ್ದದ ಪಾಠ ಮಾಡುತ್ತಿದ್ದರು. ಕ್ರಮಬದ್ಧವಾದ ಕಂಪನದಿಂದ ಹುಟ್ಟಿ ಕಿವಿಗೆ ಇಂಪಾಗಿರುವುದು ನಾದ, ಕ್ರಮವಿಲ್ಲದ ಕಂಪನದಿಂದ ಹುಟ್ಟಿ ಕಿವಿಗೆ ಕರ್ಕಶವಾಗಿರುವುದು ಗದ್ದಲ. ತಲೆಮಾರುಗಳಿಂದ ಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತ ಬಂದ ಮಾತು ಇದು. ನಾದಕ್ಕೆ ಉದಾಹರಣೆ ಕೊಟ್ಟರು: ವೀಣೆ, ಕೊಳಲು. ಗದ್ದಲಕ್ಕೂ ಒಂದು ಉದಾಹರಣೆ ಬೇಕಾಯಿತು. ಬಾಯಿಗೆ ಬಂದದ್ದು ತಮಟೆ. ಮಕ್ಕಳು ನಕ್ಕರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿ ಪುಸ್ತಕದ ಅಂಚಿನಲ್ಲಿ ಏನೋ ಗೀಚುತ್ತಿದ್ದ. ಅವನ ಅಪ್ಪ ಊರಿಗೆ ತಮಟೆ ಹೊಡೆಯುತ್ತಿದ್ದವನು. ಮೇಷ್ಟ್ರ ಅಪ್ಪನೂ ತಮಟೆಯವನೇ ಆಗಿದ್ದ.

ಆ ಸಂಜೆ ಅವರು ನಮ್ಮ ಜೊತೆ ಕೂತು ಇದನ್ನು ಹೇಳಿದರು. 'ಯಾರೂ ನನ್ನ ಕೈಲಿ ಹೇಳಿಸಲಿಲ್ಲ ಕಣ್ರಯ್ಯ, ನನ್ನ ಬಾಯಲ್ಲೇ ಬಂತು' ಅಂದರು. ನಮಗೆ ಯಾರಿಗೂ ಮಾತು ಹೊರಡಲಿಲ್ಲ. ಊರಿನವರು ಬಯ್ದರೆ ತಿರುಗಿ ಬೀಳಬಹುದು. ಅವರ ವ್ಯಾಖ್ಯಾನವೇ ನಮ್ಮ ನಾಲಗೆಯ ಮೇಲೆ ಕೂತಿದ್ದರೆ ಯಾರ ಮೇಲೆ ತಿರುಗಿ ಬೀಳೋಣ? ಆವತ್ತಿನಿಂದ ನಾವು ಸಂಗೀತದ ಮೂಲ ಶಬ್ದಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವು ಏನು ಹೇಳುತ್ತವೆ, ಏನನ್ನು ಮುಚ್ಚಿಡುತ್ತವೆ ಅಂತ ನೋಡತೊಡಗಿದೆವು. ಈ ಬರಹ ಆ ಹುಡುಕಾಟದ ಫಲ. ನಾವು ಸಂಗೀತ ವಿದ್ವಾಂಸರಲ್ಲ. ಕಿವಿ ಇದೆ, ಓದು ಬರುತ್ತದೆ, ಅಷ್ಟೆ.

ಮೊದಲು ಶಬ್ದ ಅಂದರೇನು ನೋಡೋಣ. ಒಂದು ವಸ್ತು ಅದುರುತ್ತದೆ. ಅದರ ಸುತ್ತಲಿನ ಗಾಳಿ ಒತ್ತಿಕೊಳ್ಳುತ್ತದೆ, ಸಡಿಲಾಗುತ್ತದೆ, ಮತ್ತೆ ಒತ್ತಿಕೊಳ್ಳುತ್ತದೆ. ಈ ಒತ್ತು-ಸಡಿಲು ಅಲೆಯಾಗಿ ಹೊರಟು ಕಿವಿಯ ತಮಟೆಗೆ ಬಂದು ಬಡಿಯುತ್ತದೆ. ಹೌದು, ನಮ್ಮ ಕಿವಿಯೊಳಗೆ ಇರುವುದೂ ಒಂದು ತೆಳುವಾದ ತೊಗಲೇ. ಅದನ್ನು ಕಿವಿತಮಟೆ ಅಂತಲೇ ಕರೆಯುತ್ತಾರೆ. ಯಾವ ಜಾತಿಯವನೇ ಆಗಲಿ, ಯಾವ ರಾಗವನ್ನೇ ಕೇಳಲಿ, ಆ ತಮಟೆ ಅದುರದೆ ಕೇಳಲಾರ.

ಶಬ್ದ ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಅಂದರೆ ಒಂದು ಕಿಲೋಮೀಟರು ದಾಟಲು ಮೂರು ಸೆಕೆಂಡು ಸಾಕು. ತಮಟೆ ಹೊಡೆಯುವವನು ಊರೊಳಗಿನ ಬೀದಿಗೆ ಚಪ್ಪಲಿ ಹಾಕಿಕೊಂಡು ಬರುವಂತಿರಲಿಲ್ಲ. ದೇವಸ್ಥಾನದ ಮೆಟ್ಟಿಲು ಹತ್ತುವಂತಿರಲಿಲ್ಲ. ಅವನ ಏಟು ಮಾತ್ರ ಮೂರು ಸೆಕೆಂಡಿನಲ್ಲಿ ಗರ್ಭಗುಡಿಯೊಳಗೆ ಇರುತ್ತಿತ್ತು. ಅದನ್ನು ಮೈಲಿಗೆ ಅಂತ ಯಾರೂ ತೊಳೆಯಲಿಲ್ಲ. ತೊಳೆಯೋಕೆ ಆಗುವುದೂ ಇಲ್ಲ.

ಶಬ್ದಕ್ಕೆ ಮೂರು ಗುಣ ಹೇಳುತ್ತಾರೆ. ಒಂದು, ಅದು ಎಷ್ಟು ಎತ್ತರದ್ದು ಎಷ್ಟು ತಗ್ಗಿನದು ಎನ್ನುವುದು. ಒಂದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೋ ಅಷ್ಟು ಹರ್ಟ್ಸ್. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಎರಡನೆಯದು, ಜೋರು ಎಷ್ಟು ಮೆಲು ಎಷ್ಟು. ಮೂರನೆಯದು ಶಬ್ದದ ಬಣ್ಣ. ಒಂದೇ ಶ್ರುತಿಯಲ್ಲಿ ಕೊಳಲೂ ಪಿಟೀಲೂ ನುಡಿದರೂ ಇದು ಕೊಳಲು, ಅದು ಪಿಟೀಲು ಅಂತ ಗೊತ್ತಾಗುತ್ತಲ್ಲ, ಅದು.

ಈ ಮೂರನ್ನೂ ತಿಳಿಯದೆ ಯಾವನೂ ತಮಟೆ ಹೊಡೆಯಲಾರ. ತಮಟೆಯವನು ಮೊದಲು ಏನು ಮಾಡುತ್ತಾನೆ? ಹುಲ್ಲಿಗೋ ಕಾಗದಕ್ಕೋ ಬೆಂಕಿ ಹಚ್ಚಿ ತೊಗಲನ್ನು ಕಾಯಿಸುತ್ತಾನೆ. ಬೆರಳಿನಿಂದ ತಟ್ಟಿ ನೋಡುತ್ತಾನೆ. 'ಇನ್ನೂ ಏರ್ಲಿಲ್ಲ' ಅಂತಾನೆ. ಮತ್ತೆ ಕಾಯಿಸುತ್ತಾನೆ. ತೊಗಲಿನ ತೇವ ಆರಿ ಅದು ಬಿಗಿಯುತ್ತದೆ. ಬಿಗಿ ಹೆಚ್ಚಿದಷ್ಟೂ ಶ್ರುತಿ ಏರುತ್ತದೆ. ಬಿಗಿ ನಾಲ್ಕು ಪಟ್ಟಾದರೆ ಕಂಪನ ಎರಡು ಪಟ್ಟಾಗುತ್ತದೆ ಎಂದು ಭೌತಶಾಸ್ತ್ರ ಲೆಕ್ಕ ಹೇಳುತ್ತದೆ. ಮಳೆಗಾಲದಲ್ಲಿ ತೊಗಲು ಯಾಕೆ ಬೊದ್ದ ಎನ್ನುತ್ತದೆ ಅನ್ನುವುದಕ್ಕೂ ಇದೇ ಕಾರಣ. ಸಂಗೀತಗಾರ ತಂಬೂರಿಯ ಕಿವಿ ತಿರುವಿದರೆ ಅದು 'ಶ್ರುತಿ ಸೇರಿಸುವುದು'. ನಮ್ಮಪ್ಪ ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮಾಡಿದರೆ ಅದು 'ತಮಟೆ ಕಾಯಿಸುವುದು'. ಕೆಲಸ ಒಂದೇ, ಹೆಸರು ಎರಡು. ಒಂದು ಹೆಸರು ಶಾಸ್ತ್ರದೊಳಗೆ ಹೋಯಿತು, ಇನ್ನೊಂದು ಬೀದಿಯಲ್ಲಿ ಉಳಿಯಿತು.

ಏಟು ಬೀಳುವ ಜಾಗವನ್ನು ನೋಡಿ. ನಡುವೆ ಹೊಡೆದರೆ ದಂ ಅನ್ನುವ ತುಂಬು ಶಬ್ದ. ಅಂಚಿಗೆ ಹೊಡೆದರೆ ಟಣ್ ಅನ್ನುವ ಚೂಪು ಶಬ್ದ. ತೊಗಲಿನ ನಡುವೆ ಒಂದು ಬಗೆಯ ಅದುರು ಏಳುತ್ತದೆ, ಅಂಚಿನಲ್ಲಿ ಬೇರೆ ಬಗೆಯವು ಏಳುತ್ತವೆ. ಬಲಗೈಗೆ ದಪ್ಪ ಕೋಲು, ಎಡಗೈಗೆ ತೆಳು ಕಡ್ಡಿ. ಎರಡು ಕೋಲು, ಎರಡು ಬಣ್ಣ. ಇದನ್ನು ಅವನು ಪುಸ್ತಕದಿಂದ ಕಲಿಯಲಿಲ್ಲ. ಪುಸ್ತಕ ಮುಟ್ಟಲು ಬಿಡಲಿಲ್ಲವಲ್ಲ. ಅವನು ಕಲಿತದ್ದು ಕೈಯಿಂದ, ಕಿವಿಯಿಂದ. ಹಾಗೆ ಕಲಿತದ್ದು ಸಿದ್ಧಾಂತ ಅಲ್ಲ, ಬರೀ 'ರೂಢಿ' ಅಂತ ತೀರ್ಮಾನ ಮಾಡಿದವರು ಯಾರು?

ಈಗ ಆ ವ್ಯಾಖ್ಯಾನಕ್ಕೆ ಬರೋಣ. ಅದರಲ್ಲಿ ಸತ್ಯವೇ ಇಲ್ಲ ಅಂತ ನಾವು ಹೇಳಿದರೆ ನಾವೂ ಸುಳ್ಳು ಹೇಳಿದ ಹಾಗೆ. ಒಂದು ತಂತಿಯನ್ನು ಮೀಟಿದರೆ ಅದು ಇಡಿಯಾಗಿ ಅದುರುವುದರ ಜೊತೆಗೇ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿಯೂ ಅದುರುತ್ತದೆ. ಆ ಉಪಸ್ವರಗಳು ಮೂಲಸ್ವರದ 2, 3, 4 ಪಟ್ಟು. ಪೂರ್ಣಾಂಕಗಳ ಲೆಕ್ಕವಾದ್ದರಿಂದ ಎಲ್ಲ ಸೇರಿ ಒಂದೇ ಸ್ವರವಾಗಿ ಕೇಳುತ್ತದೆ. ದುಂಡನೆಯ ಚೌಕಟ್ಟಿಗೆ ಬಿಗಿದ ತೊಗಲು ಹಾಗಲ್ಲ. ಅದರ ಉಪಸ್ವರಗಳು ಮೂಲದ ಸುಮಾರು 1.59, 2.14, 2.30 ಪಟ್ಟು ಹೀಗೆ ಹೋಗುತ್ತವೆ. ಅವು ಒಂದರೊಳಗೊಂದು ಕರಗುವುದಿಲ್ಲ. ಹಾಗಾಗಿ ತಮಟೆಯಲ್ಲಿ ಇದು ಷಡ್ಜ, ಇದು ಪಂಚಮ ಎಂದು ಬೆರಳಿಟ್ಟು ತೋರಿಸುವುದು ಕಷ್ಟ.

ಇದು ನಿಜವಾದ ವ್ಯತ್ಯಾಸ. ಆದರೆ ಗಮನಿಸಿ. 1.59, 2.14 ಎಂದು ಲೆಕ್ಕ ಹಾಕಿ ಹೇಳಲು ಆಗುತ್ತದೆ ಅಂದಮೇಲೆ ಅದರಲ್ಲಿ ಕ್ರಮ ಇಲ್ಲ ಅನ್ನುವುದು ಹೇಗೆ? ತೊಗಲಿನ ಕಂಪನ ಕ್ರಮವಿಲ್ಲದ್ದಲ್ಲ. ಬೇರೆ ಕ್ರಮದ್ದು. ತಂತಿಯ ಕ್ರಮವನ್ನು ಒಂದೇ ಕ್ರಮ ಎಂದು ಮೊದಲು ಇಟ್ಟುಕೊಂಡು, ಅದಕ್ಕೆ ಹೊಂದದ್ದಕ್ಕೆಲ್ಲ ಅಕ್ರಮ ಅಂತ ಹೆಸರು ಕೊಟ್ಟಿದ್ದಾರೆ. ಇಂಥ ತರ್ಕದ ಪರಿಚಯ ನಮಗೆ ಬೇರೆ ಕಡೆಯೂ ಇದೆ. ಆಮೇಲೆ 'ಇಂಪು', 'ಕರ್ಕಶ' ಅನ್ನುವ ಮಾತುಗಳು ಬೇರೆ. ಇವು ಅಳತೆಯ ಮಾತುಗಳಲ್ಲ, ಅಭಿರುಚಿಯ ಮಾತುಗಳು. ಅಭಿರುಚಿಯನ್ನು ವಿಜ್ಞಾನದ ಪಾಠದೊಳಗೆ ಕಳ್ಳದಾರಿಯಲ್ಲಿ ತಂದು ಕೂರಿಸಿದ್ದಾರೆ.

ಗದ್ದಲ ಅಂದರೆ ಅಷ್ಟು ಹೇಸಿಗೆಯೇ? ನಾವು ಆಡುವ ಕನ್ನಡವನ್ನೇ ತೆಗೆದುಕೊಳ್ಳಿ. ಅ, ಇ, ಉ ಅನ್ನುವಾಗ ಗಂಟಲಿನ ತಂತುಗಳು ಕ್ರಮವಾಗಿ ಅದುರುತ್ತವೆ. ಅದು ನಾದ. ಶ, ಷ, ಸ ಅನ್ನುವಾಗ ಗಾಳಿ ನಾಲಗೆ ಅಂಗಳಗಳ ಸಂದಿನಲ್ಲಿ ಉಜ್ಜಿಕೊಂಡು ಬರುತ್ತದೆ. ಕ, ಟ, ಪ ಅನ್ನುವಾಗ ಕಟ್ಟಿದ ಗಾಳಿ ಸಿಡಿಯುತ್ತದೆ. ಅಳೆದು ನೋಡಿದರೆ ಇವು ಅಪ್ಪಟ ಗದ್ದಲ. 'ಕಷ್ಟ' ಅನ್ನುವ ಮಾತಿನಿಂದ ಗದ್ದಲವನ್ನೆಲ್ಲ ತೆಗೆದುಹಾಕಿ. ಉಳಿಯುವುದು ಬರೀ 'ಅ ಅ'. ಅದು ಅಳು ಆಗಬಹುದು, ಮಾತಾಗುವುದಿಲ್ಲ. ವೇದವನ್ನೇ ಓದಲಿ, ಭಾಷಣವನ್ನೇ ಮಾಡಲಿ, ಮನುಷ್ಯನ ಬಾಯಿಗೆ ಗದ್ದಲ ಬೇಕು.

ಇನ್ನು ಮೃದಂಗ. ಅದೂ ತೊಗಲೇ. ಆಡು, ದನ, ಎಮ್ಮೆ ಮೂರರ ತೊಗಲೂ ಅದಕ್ಕೆ ಹೋಗುತ್ತದೆ. ಹಾಗಿದ್ದರೆ ಮೃದಂಗ ಹೇಗೆ ಸಭೆಯೊಳಗೆ ಶ್ರುತಿ ಸೇರಿ ಕೂತಿತು? ಇದಕ್ಕೆ ವಿಜ್ಞಾನದ ಉತ್ತರ ಕೊಟ್ಟವರು ಸಿ.ವಿ. ರಾಮನ್. 1920ರಲ್ಲಿ ಒಂದು ಲೇಖನದಲ್ಲಿ, ಆಮೇಲೆ ಬೆಂಗಳೂರಿನಲ್ಲಿದ್ದಾಗ 1934ರಲ್ಲಿ ಇನ್ನೂ ವಿವರವಾಗಿ, ಅವರು ಇದನ್ನು ತೋರಿಸಿದರು. ಮೃದಂಗದ ಬಲಭಾಗದ ತೊಗಲಿನ ನಡುವೆ ಕಪ್ಪು ಕರಣೆ ಮೆತ್ತಿರುತ್ತಾರೆ. ಅನ್ನ ಮತ್ತು ಕಲ್ಲಿನ ಪುಡಿ ಸೇರಿಸಿ ಅರೆದು, ಪದರ ಪದರವಾಗಿ ಹಚ್ಚಿ, ತಿಕ್ಕಿ ತಿಕ್ಕಿ ಕೂರಿಸಿದ್ದು. ಆ ಭಾರ ನಡುವೆ ಕೂತ ಕಾರಣ ತೊಗಲಿನ ಕಂಪನಗಳು ತಮ್ಮ ಲೆಕ್ಕ ಬಿಟ್ಟು 1, 2, 3, 4, 5 ಎಂಬ ತಂತಿಯ ಲೆಕ್ಕಕ್ಕೆ ಹತ್ತಿರ ಬರುತ್ತವೆ. ಎಂಥ ಶೋಧ ಇದು! ಆದರೆ ರಾಮನ್ ಅವರು ವಿವರಿಸಿದ್ದನ್ನು ಅದಕ್ಕೂ ಎಷ್ಟೋ ಶತಮಾನ ಮೊದಲೇ ಕೈಯಿಂದ ಸಾಧಿಸಿದವರು ಯಾರು? ತೊಗಲು ಹದ ಮಾಡಿದವರು, ಕರಣೆ ಅರೆದವರು. ಅವರ ಹೆಸರು ಯಾವ ಶಾಸ್ತ್ರಗ್ರಂಥದ ಮುಖಪುಟದಲ್ಲೂ ಇಲ್ಲ.

ತಮಿಳುನಾಡಿನಲ್ಲಿ ಮೃದಂಗ ಮಾಡುವವರಲ್ಲಿ ಬಹಳ ಮಂದಿ ದಲಿತರು, ಅವರಲ್ಲೂ ಅನೇಕರು ಕ್ರೈಸ್ತರು. ಇವರ ಮೇಲೆ ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದರು. ಪುಸ್ತಕ ಬಿಡುಗಡೆಗೆ ಸಭಾಂಗಣ ಕೊಡಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು. ಮೃದಂಗ ಒಳಗೆ ಬರಬಹುದು. ಅದರ ತೊಗಲಿನ ಕಥೆ ಬರಬಾರದು.

ವಿಜ್ಞಾನದ ಮಾತು ಇಷ್ಟಾಯಿತು. ಈಗ ಶಾಸ್ತ್ರದ ಮಾತು. ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನು ನಾಲ್ಕು ಬಗೆಯಾಗಿ ಮಾಡುತ್ತದೆ. ತತ ಅಂದರೆ ತಂತಿಯವು, ಸುಷಿರ ಅಂದರೆ ಊದುವವು, ಅವನದ್ಧ ಅಂದರೆ ತೊಗಲು ಮುಚ್ಚಿದವು, ಘನ ಅಂದರೆ ತಾಳ ಗಂಟೆಯಂಥವು. ಅದುರುವುದು ಯಾವುದು ಎಂಬುದರ ಮೇಲೆ ನಿಂತ ಈ ವಿಂಗಡಣೆ ಒಳ್ಳೆಯದೇ. ಇಂದಿನ ವಾದ್ಯವಿಜ್ಞಾನವೂ ಹೆಚ್ಚುಕಮ್ಮಿ ಇದೇ ದಾರಿಯಲ್ಲಿದೆ. ಇದರ ಪ್ರಕಾರ ಮೃದಂಗ, ತಮಟೆ ಎರಡೂ ಅವನದ್ಧ. ಒಂದೇ ಪಂಕ್ತಿ. ಶಾಸ್ತ್ರವನ್ನೆಲ್ಲ ಸುಟ್ಟುಬಿಡಿ ಅಂತ ನಾವು ಹೇಳುವುದಿಲ್ಲ. ಅದರಲ್ಲಿ ಕಣ್ಣಿಟ್ಟು ನೋಡಿದವರ ದುಡಿಮೆ ಇದೆ.

ಆದರೆ ಅದೇ ಗ್ರಂಥ ತೊಗಲು ವಾದ್ಯದ ಹುಟ್ಟನ್ನು ಹೇಗೆ ಹೇಳುತ್ತದೆ ನೋಡಿ. ಸ್ವಾತಿ ಎಂಬ ಮುನಿ ನೀರು ತರಲು ಕೊಳಕ್ಕೆ ಹೋಗುತ್ತಾನೆ. ಮಳೆ ಬರುತ್ತದೆ. ತಾವರೆ ಎಲೆಗಳ ಮೇಲೆ ಹನಿ ಬಿದ್ದ ಸದ್ದನ್ನು ಕೇಳಿ ಆಶ್ರಮಕ್ಕೆ ಬಂದು, ವಿಶ್ವಕರ್ಮನ ನೆರವಿನಿಂದ ಮೃದಂಗ ಮೊದಲಾದ ವಾದ್ಯಗಳನ್ನು ಮಾಡುತ್ತಾನೆ. ಕಥೆ ಚೆನ್ನಾಗಿದೆ. ಮಳೆ ಇದೆ, ತಾವರೆ ಇದೆ, ಮುನಿ ಇದ್ದಾನೆ, ದೇವಶಿಲ್ಪಿ ಇದ್ದಾನೆ. ಸತ್ತ ದನ ಎಲ್ಲಿ? ಅದನ್ನು ಹೊತ್ತವನು ಎಲ್ಲಿ? ಸುಲಿದವನು, ಸುಣ್ಣದ ನೀರಿಗೆ ಹಾಕಿ ಕೂದಲು ಹೆರೆದವನು, ಆ ನಾತದಲ್ಲೇ ಉಂಡು ಮಲಗಿದವನು ಎಲ್ಲಿ? ಆ ಕೊಳದ ದಂಡೆಯಲ್ಲಿ ಅವನಿಗೆ ಜಾಗವೇ ಇಲ್ಲ.

ಇನ್ನೊಂದು ಗ್ರಂಥ ಶಾರ್ಙ್ಗದೇವನ ಸಂಗೀತರತ್ನಾಕರ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿ ಬರೆದದ್ದು. ಹಿಂದೂಸ್ತಾನಿಯವರೂ ಕರ್ನಾಟಕದವರೂ ಇಬ್ಬರೂ ಕೈಮುಗಿಯುವ ಗ್ರಂಥ. ಅದರಲ್ಲಿ ಸ್ವರಗಳಿಗೆ ಬಣ್ಣ, ದೇವತೆ, ಋಷಿ ಹೇಳುವ ಜಾಗದಲ್ಲಿ ವರ್ಣವನ್ನೂ ಹೇಳಿದೆ. ಸ, ಮ, ಪ ಬ್ರಾಹ್ಮಣರು. ರಿ, ಧ ಕ್ಷತ್ರಿಯರು. ಗ, ನಿ ವೈಶ್ಯರು. ಅಂತರ ಗಾಂಧಾರ, ಕಾಕಲಿ ನಿಷಾದ ಎಂಬ ವಿಕೃತ ಸ್ವರಗಳು ಶೂದ್ರರು. ಹಳೆಯ ಲೆಕ್ಕದಲ್ಲಿ ಒಂದು ಸ್ಥಾಯಿಗೆ 22 ಶ್ರುತಿ. ಸ, ಮ, ಪ ತಲಾ ನಾಲ್ಕು. ರಿ, ಧ ತಲಾ ಮೂರು. ಗ, ನಿ ತಲಾ ಎರಡು. ಕೂಡಿ ನೋಡಿ, 22 ಬರುತ್ತದೆ. ನಾಲ್ಕು ಶ್ರುತಿಯ ಹಿಡುವಳಿ ಇದ್ದವನು ಬ್ರಾಹ್ಮಣ, ಮೂರು ಇದ್ದವನು ಕ್ಷತ್ರಿಯ, ಎರಡು ಇದ್ದವನು ವೈಶ್ಯ. ತನ್ನದು ಅಂತ ಜಾಗ ಇಲ್ಲದವನು, ಬೇರೆಯವರ ಜಾಗದಿಂದ ಶ್ರುತಿ ತೆಗೆದುಕೊಂಡು ನಿಂತವನು ಶೂದ್ರ. ಊರಿನ ಪಹಣಿಯನ್ನೇ ಸ್ಥಾಯಿಯ ಮೇಲೆ ಬರೆದ ಹಾಗಿದೆ.

ಈ ಪಟ್ಟಿಯಲ್ಲಿ ನಾವು ಎಲ್ಲಿ ಅಂತ ಹುಡುಕಿದೆವು. ಇಲ್ಲ. ಆದರೆ ಒಂದು ಶಬ್ದ ಸಿಕ್ಕಿತು: ಪಂಚಮ. ಸ್ವರಗಳಲ್ಲಿ ಐದನೆಯದು ಪಂಚಮ. ಷಡ್ಜಕ್ಕೂ ಅದಕ್ಕೂ 2ಕ್ಕೆ 3ರ ಲೆಕ್ಕ. ಷಡ್ಜ 240 ಹರ್ಟ್ಸ್ ಆದರೆ ಪಂಚಮ 360. ಕದಲದ ಸ್ವರ, ಅಚಲ ಸ್ವರ, ತಂಬೂರಿಯಲ್ಲಿ ಸದಾ ಮಿಡಿಯುವ ಸ್ವರ, ಬ್ರಾಹ್ಮಣ ಸ್ವರ. ಇದೇ ಶಬ್ದ ಮನುಷ್ಯನಿಗೆ ಹಚ್ಚಿದಾಗ ಏನಾಯಿತು? ನಾಲ್ಕು ವರ್ಣದ ಹೊರಗಿನ ಐದನೆಯವನು, ಅಸ್ಪೃಶ್ಯ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಮದ್ರಾಸ್ ಪ್ರಾಂತ್ಯದ ಸರ್ಕಾರಿ ಕಾಗದಗಳಲ್ಲಿ ನಮ್ಮವರ ಹೆಸರು 'ಪಂಚಮರು'. ಐದು ಎಂಬ ಅಂಕಿ ಸ್ವರಕ್ಕೆ ಹತ್ತಿದರೆ ಮಡಿ, ಮನುಷ್ಯನಿಗೆ ಹತ್ತಿದರೆ ಮೈಲಿಗೆ! ಇನ್ನೊಂದು ಶಬ್ದವನ್ನೂ ನೆನೆಯಿರಿ. ತಮಿಳಿನ ಪರೈ ಎಂಬ ತೊಗಲು ವಾದ್ಯದಿಂದ ಪರೈಯರ್ ಎಂಬ ಜಾತಿಯ ಹೆಸರು. ಅದು ಇಂಗ್ಲಿಷಿಗೆ ಹೋಗಿ 'ಪರಿಯಾ' ಆಗಿ, ಲೋಕದಲ್ಲೆಲ್ಲ ಬಹಿಷ್ಕೃತನಿಗೆ ಹೆಸರಾಯಿತು. ವೀಣೆಯ ಹೆಸರು ಯಾರಿಗೂ ಬೈಗುಳ ಆಗಲಿಲ್ಲ. ತೊಗಲಿನ ಹೆಸರು ಬೈಗುಳವಾಗಿ ಸಮುದ್ರ ದಾಟಿತು.

ನಮ್ಮ ದಿನದ ಮಾತಿನಲ್ಲೂ ಇದೇ ಇದೆ. ಎಲ್ಲರೂ ಒಪ್ಪಿದರೆ 'ಒಂದೇ ಶ್ರುತಿ'. ಒಬ್ಬ ಎದ್ದು ಅನ್ಯಾಯ ಅಂದರೆ ಪತ್ರಿಕೆಗಳು 'ಅಪಸ್ವರ' ಅಂತ ಬರೆಯುತ್ತವೆ. ಯಾರಾದರೂ ತನ್ನ ದೊಡ್ಡಸ್ತಿಕೆ ಕೊಚ್ಚಿಕೊಂಡರೆ 'ತಮಟೆ ಹೊಡ್ಕೋಬೇಡ' ಅಂತೀವಿ. ನಾವೂ ಅಂತೀವಿ. ಶೋಷಣೆ ಬರೀ ಬೆತ್ತದಲ್ಲಿ ಇರುವುದಿಲ್ಲ. ಹೀಗೆ ಸಲೀಸಾಗಿ ನಾಲಗೆಯಿಂದ ಜಾರುವ ಗಾದೆಮಾತಿನಲ್ಲೂ ಇರುತ್ತದೆ.

ಇಲ್ಲಿ ನಮಗೆ ನಾವೇ ಒಂದು ಎಚ್ಚರ ಹೇಳಿಕೊಳ್ಳಬೇಕು. ತಮಟೆಯನ್ನು ಹಾಡಿಹೊಗಳಿ ಸುಮ್ಮನಾಗುವುದು ಸುಲಭ. ಪೇಟೆಯ ಉತ್ಸವಗಳು ಅದನ್ನು ಈಗ ಮಾಡುತ್ತಿವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಅದು ನಮಗೆ ಸಂತೋಷ, ಹೆಮ್ಮೆ. ಆದರೆ ತಮಟೆ ಕಲೆಯಾಗುವ ಮೊದಲು ಏನಾಗಿತ್ತು? ಬಿಟ್ಟಿ ಚಾಕರಿ ಆಗಿತ್ತು. ಊರಿನಲ್ಲಿ ಸಾವಾದರೆ ಹೋಗಬೇಕು, ಜಾತ್ರೆಯಾದರೆ ಹೋಗಬೇಕು, ಡಂಗುರಕ್ಕೆ ಹೋಗಬೇಕು. ಸಾವಿಗೆ ಒಂದು ಬಡಿತ, ದೇವರಿಗೆ ಒಂದು ಬಡಿತ, ಮದುವೆಗೆ ಒಂದು ಬಡಿತ. ದೂರದ ಹೊಲದಲ್ಲಿದ್ದವರಿಗೂ ಬಡಿತ ಕೇಳಿದರೆ ಊರಲ್ಲಿ ಏನಾಗಿದೆ ಅಂತ ಗೊತ್ತು. ಅಂಥ ಖಚಿತವಾದ ಲಯದ ಭಾಷೆ ಅದು. ಆ ಭಾಷೆ ಬಲ್ಲವನಿಗೆ ಸಿಗುತ್ತಿದ್ದದ್ದು ತಂಗಳು ಮತ್ತು ಒಂದಿಷ್ಟು ಕಾಳು, ಅದೂ ದೂರದಿಂದ ಸುರಿದದ್ದು. ಬರಲ್ಲ ಅಂದರೆ ಬಹಿಷ್ಕಾರ. ಅದಕ್ಕೇ 1970ರ ದಶಕದಲ್ಲಿ ದಲಿತ ಚಳವಳಿ ಎದ್ದಾಗ ಎಷ್ಟೋ ಕೇರಿಗಳಲ್ಲಿ 'ಇನ್ನು ತಮಟೆ ಹೊಡೆಯಲ್ಲ' ಎಂದು ಕೆಳಗಿಟ್ಟರು. ಅದೇ ಚಳವಳಿಯ ಮೆರವಣಿಗೆಗಳಲ್ಲಿ ತಮಟೆಯೇ ಮುಂದೆ ನಡೆಯಿತು. ಕೆಳಗಿಟ್ಟವರೂ ಸರಿ, ಎತ್ತಿಕೊಂಡವರೂ ಸರಿ. ಒಬ್ಬರು ಚಾಕರಿಯನ್ನು ಬಿಟ್ಟರು, ಇನ್ನೊಬ್ಬರು ವಾದ್ಯವನ್ನು ಬಿಡಿಸಿಕೊಂಡು ಬಂದರು.

ನಮ್ಮ ಮೇಷ್ಟ್ರಿಗೆ ಈ ಮಾತು ಪುಸ್ತಕದಿಂದ ಅಲ್ಲ, ತರಗತಿಯಿಂದ ತಿಳಿಯಿತು. ಅವರು ಮತ್ತೆ ಶಬ್ದದ ಪಾಠಕ್ಕೆ ಹೋದಾಗ 'ನಾನು ಹೇಳಿದ್ದು ತಪ್ಪು' ಅಂತ ಮಕ್ಕಳ ಮುಂದೆ ಒಪ್ಪಿಕೊಂಡರು. ಬಿಗಿ, ಶ್ರುತಿ, ಬಣ್ಣ ಎಲ್ಲವನ್ನೂ ತಮಟೆಯ ಮೂಲಕವೇ ವಿವರಿಸಿದರು. ಹುರುಪಿನಲ್ಲಿ ಹಿಂದಿನ ಬೆಂಚಿನ ಹುಡುಗನಿಗೆ 'ನಾಳೆ ನಿಮ್ಮನೆ ತಮಟೆ ತಗೊಂಡು ಬಾರಪ್ಪ' ಅಂದರು. ಹುಡುಗ ಎದ್ದು ನಿಂತ. 'ನಮ್ಮಪ್ಪ ತಮಟೆ ಬಿಟ್ಟಾಯ್ತು ಸಾರ್. ನಾನು ಅದನ್ನ ಮುಟ್ಟಲ್ಲ' ಅಂದ. ಇಡೀ ತರಗತಿಯಲ್ಲಿ ಸದ್ದಿಲ್ಲ.

ಈ ಸಲ ತಲೆ ತಗ್ಗಿಸಿದ್ದು ಮೇಷ್ಟ್ರು. ಅಲ್ಲಿ ಕೂತಿದ್ದ ಅಷ್ಟು ಮಕ್ಕಳಲ್ಲಿ ತಮಟೆ ತರಲು ಅವನನ್ನೇ ಯಾಕೆ ಕೇಳಿದೆವು? ನಾದ ಅಂತ ಹೆಸರು ಬದಲಾಯಿಸಿದೆವು, ಹೊರುವ ಹೆಗಲನ್ನು ಬದಲಾಯಿಸಲಿಲ್ಲ. ಹೊಗಳಿ ಹೊರಿಸಿದರೂ ಹೊರೆ ಹೊರೆಯೇ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಾವು ಹೇಳುವುದು ಇಷ್ಟೆ. ಶಬ್ದದ ಪಾಠವನ್ನು ತೊಗಲಿನಿಂದ ಶುರು ಮಾಡಿ. ತಮಟೆಯನ್ನು ಶಾಲೆಯೇ ದುಡ್ಡು ಕೊಟ್ಟು ಕೊಳ್ಳಲಿ. ಬಿಸಿಲಿಗೆ ಇಟ್ಟು ಬಾರಿಸಿ, ಒದ್ದೆ ಬಟ್ಟೆಯಲ್ಲಿ ಒರಸಿ ಬಾರಿಸಿ, ಶ್ರುತಿ ಏರುವುದನ್ನೂ ಇಳಿಯುವುದನ್ನೂ ಮಕ್ಕಳೇ ಕೇಳಲಿ. ತೊಗಲಿನ ಮೇಲೆ ನಾಲ್ಕು ಕಾಳು ರಾಗಿ ಹಾಕಿ ಅಂಚಿಗೆ ತಟ್ಟಿ, ಕಂಪನ ಅಂದರೇನು ಅಂತ ರಾಗಿಯೇ ಕುಣಿದು ಹೇಳುತ್ತದೆ. ಆ ಕೋಲು ಎಲ್ಲ ಮಕ್ಕಳ ಕೈಗೂ ಬರಲಿ. ಗೌಡರ ಹುಡುಗ ಹೊಡೆಯಲಿ, ಶ್ಯಾನುಭೋಗರ ಹುಡುಗಿ ಹೊಡೆಯಲಿ. ಹಿಂದಿನ ಬೆಂಚಿನವನು ಬೇಡ ಅಂದರೆ ಬೇಡ. ಅವನಿಗೆ ವೀಣೆ ಬೇಕಾದರೆ ವೀಣೆ ಸಿಗಲಿ. ನಾದ, ಗದ್ದಲ ಎಂದು ಬೋರ್ಡಿನ ಮೇಲೆ ಬರೆಯುವ ಬದಲು 'ನಿಶ್ಚಿತ ಶ್ರುತಿಯ ಶಬ್ದ, ನಿಶ್ಚಿತ ಶ್ರುತಿ ಇಲ್ಲದ ಶಬ್ದ' ಎಂದು ಬರೆಯಿರಿ. ಇಂಪು ಯಾವುದು, ಕರ್ಕಶ ಯಾವುದು ಎಂದು ಮಕ್ಕಳ ಕಿವಿಗಳೇ ತೀರ್ಮಾನ ಮಾಡಿಕೊಳ್ಳಲಿ.

ತಮಟೆಯ ಸದ್ದು ಕೇಳಿದರೆ ಹೊಡೆಯುತ್ತಿರುವವನ ಜಾತಿ ಗೊತ್ತಾಗದ ದಿನ ಬರಬೇಕು. ಅಲ್ಲಿಯವರೆಗೆ ಯಾರಾದರೂ ನಮ್ಮ ಮಾತನ್ನು ಅಪಸ್ವರ ಅಂದರೆ ಅನ್ನಲಿ. ಅದೂ ಒಂದು ಕ್ರಮ, ಬೇರೆ ಕ್ರಮ.